ನಾಲ್ಕು ಟಯರಿನ ಮನೆ

ಮನೆಯ ತಲೆಬಾಗಿಲು ಯಾವ ದಿಕ್ಕಿಗಿದೆ ಎಂದು ಪುರೋಹಿತರು ಫೋನಿನಲ್ಲಿ ಕೇಳಿದರು. "ಇವತ್ತು ಉತ್ತರಕ್ಕಿದೆ. ನೀವು ಯಾವ ದಿಕ್ಕು ಒಳ್ಳೆಯದು ಅಂತೀರೋ ಆ ದಿಕ್ಕಿಗೆ ತಿರುಗಿಸಿ ನಿಲ್ಲಿಸ್ತೀವಿ" ಎಂದಳು ನನ್ನ ಮಗಳು. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ಅಡುಗೆಮನೆ ಆಗ್ನೇಯದಲ್ಲೇ ಇರಬೇಕು ಎಂದು ಹಾಸನದ ನಮ್ಮ ಮನೆಯ ನಕ್ಷೆಯನ್ನು ಮೇಸ್ತ್ರಿಯ ಕೈಯಲ್ಲಿ ತಿದ್ದಿಸಿದವಳು ನಾನು. ಟೆಕ್ಸಸ್‌ನಲ್ಲಿ ಮಗಳು ಅಳಿಯಂದಿರು ಕೊಂಡದ್ದು ಮಾತ್ರ ಎಂಟು ದಿಕ್ಕಿಗೂ ಅಡುಗೆಮನೆ ಇಟ್ಟುಕೊಳ್ಳಬಹುದಾದ ಮನೆ. ಕೊನೆಗೆ ಪೂರ್ವಕ್ಕೆ ಬಾಗಿಲು ಬರುವಂತೆ ನಿಲ್ಲಿಸಿ, ಪುಟ್ಟ ಪಾತ್ರೆಯಲ್ಲಿ ಹಾಲು ಉಕ್ಕಿಸಿದೆವು. ಬರ್ನರಿನೊಳಗೆ ಇಳಿದರೆ ಬಿಚ್ಚಿ ತೊಳೆಯುವ ಕೆಲಸ ತನ್ನದೇ ಎಂದು ಮಗಳು ಎರಡು ಚಮಚಕ್ಕಿಂತ ಹೆಚ್ಚು ಉಕ್ಕಲು ಬಿಡಲಿಲ್ಲ.

ಆರ್‌ವಿ ಎಂದು ಅವರು ಕರೆಯುವ ಈ ಸರಕಿನಲ್ಲಿ ಹಲವು ಜಾತಿಗಳಿವೆ. ಬಸ್ಸಿನ ಹಾಗೆ ತಾನೇ ಓಡುವವು ಒಂದು ಬಗೆ, ಟ್ರಕ್ಕಿನ ಹಿಂದೆ ಎಳೆಸಿಕೊಂಡು ಹೋಗುವವು ಇನ್ನೊಂದು. ಇವರದು ಎರಡನೆಯದು. ಮೂತಿಯನ್ನು ಪಿಕಪ್ ಟ್ರಕ್ಕಿನ ಬೆನ್ನ ಮೇಲೆ ಊರಿ ಹೊರಡುವ ಫಿಫ್ತ್ ವೀಲ್. ಉದ್ದ ಮೂವತ್ತಾರು ಅಡಿ, ಅಗಲ ಎಂಟೂವರೆ ಅಡಿ, ವಯಸ್ಸು ಹನ್ನೆರಡು ವರ್ಷ. ನಿಂತ ಮೇಲೆ ಗುಂಡಿ ಒತ್ತಿದರೆ ಗೋಡೆಯ ಒಂದು ಭಾಗ ಹೊರಕ್ಕೆ ಸರಿದು ಹಾಲ್ ಅಗಲವಾಗುತ್ತದೆ. ಅದನ್ನು ಎಳೆಯಲು ಕೊಂಡ ಡೀಸೆಲ್ ಟ್ರಕ್ಕಿಗೆ ಮನೆಗಿಂತ ಹೆಚ್ಚು ದುಡ್ಡು ಬಿತ್ತು. ಬಂಡಿಗಿಂತ ಎತ್ತಿಗೇ ಬೆಲೆ ಎನ್ನುವುದು ನಮ್ಮ ಸಂತೆಗಳಲ್ಲಿ ಹೊಸ ಮಾತೇನಲ್ಲ.

ಇವರಿಗೆ ಈ ಹುಚ್ಚು ಯಾಕೆ ಹಿಡಿಯಿತು ಎಂದು ನೆಂಟರೆಲ್ಲ ನನ್ನನ್ನೇ ಕೇಳುತ್ತಾರೆ. ನನಗೆ ಕಂಡ ಕಾರಣ ಒಂದೇ. ಎಚ್-1ಬಿ ವೀಸಾದಲ್ಲಿರುವವರು ಮನಸ್ಸು ಬಂದ ಕಡೆ ಕೂತು ಕೆಲಸ ಮಾಡುವಂತಿಲ್ಲ. ಕೆಲಸದ ಜಾಗ ಬೇರೆ ಊರಿಗೆ ಬದಲಾದರೆ ಕಂಪನಿ ಹೊಸದಾಗಿ ಕಾಗದ ಸಲ್ಲಿಸಬೇಕು. ಭಾರತದಲ್ಲಿ ಹುಟ್ಟಿದವರಿಗೆ ಹಸಿರು ಕಾರ್ಡಿನ ಸರದಿ ಬರಲು ಹತ್ತು ವರ್ಷವೂ ಸಾಲದು. ಅಷ್ಟು ಕಾಲ ಒಂದೇ ವಿಳಾಸಕ್ಕೆ ಕಟ್ಟುಬಿದ್ದವರು, ಕಾರ್ಡು ಕೈಗೆ ಬಂದದ್ದೇ ಹಗ್ಗ ಬಿಚ್ಚಿಕೊಂಡರು. ಅಳಿಯಂದಿರ ಕೆಲಸ ಲ್ಯಾಪ್‌ಟಾಪಿನಲ್ಲಿ, ಲ್ಯಾಪ್‌ಟಾಪು ತೊಡೆಯ ಮೇಲೆ. ಮನೆ ಬಾಡಿಗೆಗೆ ಕೊಟ್ಟು ಎರಡು ಮಕ್ಕಳನ್ನು ಕರೆದುಕೊಂಡು ಹೊರಟೇಬಿಡೋಣ ಎಂದು ಗಂಡ ಹೆಂಡತಿ ತೀರ್ಮಾನಿಸಿಕೊಂಡಿದ್ದರು. ನಮಗೆ ತಿಳಿದದ್ದು ನಾವು ಅಲ್ಲಿಗೆ ಹೋಗಿ ಇಳಿದ ಮೇಲೆ.

ಹಳೆಯದನ್ನೇ ಯಾಕೆ ಕೊಂಡರು ಎನ್ನುವುದಕ್ಕೂ ಲೆಕ್ಕವಿದೆ. ಕೊರೋನಾ ಕಾಲದಲ್ಲಿ ಹೋಟೆಲಿಗೆ ಹೋಗಲು ಹೆದರಿದ ಜನ ಆರ್‌ವಿಗಳಿಗೆ ಮುಗಿಬಿದ್ದು, 2021ರಲ್ಲಿ ಕಾರ್ಖಾನೆಗಳಿಂದ ಆರು ಲಕ್ಷ ಗಾಡಿ ಹೊರಬಿದ್ದವು. ಎರಡು ವರ್ಷದಲ್ಲಿ ಬಡ್ಡಿ ಏರಿತು, ಆಸೆ ಇಳಿಯಿತು, 2023ರ ಲೆಕ್ಕ ಮೂರು ಲಕ್ಷದ ಆಸುಪಾಸಿಗೆ ಬಂತು. ಕೊಂಡವರಲ್ಲಿ ಎಷ್ಟೋ ಮಂದಿ ಮಾರಲು ನಿಂತರು. ಈ ಗಾಡಿಗಳ ದೊಡ್ಡ ಪಾಲು ಹುಟ್ಟುವುದು ಇಂಡಿಯಾನಾ ರಾಜ್ಯದ ಎಲ್ಕ್‌ಹಾರ್ಟ್ ಸುತ್ತಮುತ್ತ. ಆ ಸೀಮೆಯ ಆಮಿಶ್ ಜನ, ಅಂದರೆ ಇಂದಿಗೂ ಕುದುರೆಗಾಡಿಯಲ್ಲಿ ಓಡಾಡಿಕೊಂಡು ಸ್ವಂತಕ್ಕೆ ಕಾರು ಇಟ್ಟುಕೊಳ್ಳದವರು, ಅಲ್ಲಿನ ಕಾರ್ಖಾನೆಗಳಲ್ಲಿ ದೊಡ್ಡ ಸಂಖ್ಯೆಯಲ್ಲಿ ದುಡಿಯುತ್ತಾರೆ. ಅಮೆರಿಕದ ಬಗ್ಗೆ ನಾನು ಕೇಳಿದ್ದರಲ್ಲಿ ನನಗೆ ಬಹಳ ಹಿಡಿಸಿದ ಸಂಗತಿ ಇದು.

ಗಾಡಿ ನೋಡಲು ನಾವೂ ಹೋಗಿದ್ದೆವು. ಮಾರುವವರು ವಯಸ್ಸಾದ ದಂಪತಿ. ಒಳಗೆ ಹೊಸ ಪರದೆ, ಹೊಸ ವಾಲ್‌ಪೇಪರ್, ನಿಂಬೆಹಣ್ಣಿನ ಪರಿಮಳ. ಅಳಿಯಂದಿರು ಜೇಬಿನಿಂದ ಎರಡು ಸೂಜಿಯಿರುವ ತೇವದ ಮೀಟರ್ ತೆಗೆದು ಗೋಡೆ ಗೋಡೆಗೂ ಚುಚ್ಚುತ್ತ ಬಂದರು. ನಮ್ಮ ಯಜಮಾನರು ಪಿಡಬ್ಲ್ಯುಡಿಯಲ್ಲಿ ಇಂಜಿನಿಯರ್ ಆಗಿದ್ದವರು. ಕೈ ಹಿಂದೆ ಕಟ್ಟಿಕೊಂಡು ನಡೆಯುತ್ತಿದ್ದವರು ಮಲಗುವ ಕೋಣೆಯ ಮೂಲೆಯಲ್ಲಿ ನಿಂತು ಹಿಮ್ಮಡಿ ಒತ್ತಿ, "ಇಲ್ಲಿ ಮೆತ್ತಗಿದೆ" ಎಂದರು. ಮೀಟರೂ ಅಲ್ಲೇ ಕೂಗಿತು. ಆ ಮೂಲೆಯ ಹೆಸರಿನಲ್ಲಿ ಬೆಲೆ ಇಳಿಯಿತು, ಗಾಡಿ ಮನೆಗೆ ಬಂತು.

ಆಮೇಲೆ ಶುರುವಾಯಿತು ಬಿಚ್ಚುವ ಕೆಲಸ. ಗೋಡೆ ಎಂದರೆ ಇಟ್ಟಿಗೆ ಎಂದುಕೊಂಡು ಬೆಳೆದವಳಿಗೆ ಅದೊಂದು ಪಾಠ. ಹೊರಗೊಂದು ತೆಳ್ಳನೆಯ ಫೈಬರ್ ಹಾಳೆ, ಅದರ ಹಿಂದೆ ಬೆರಳು ದಪ್ಪವೂ ಇಲ್ಲದ ಪ್ಲೈವುಡ್, ನಡುವೆ ಮರದ ಪಟ್ಟಿ ಮತ್ತು ಶಾಖ ತಡೆಯುವ ಹತ್ತಿ, ಒಳಗೆ ಬಣ್ಣದ ಕಾಗದ ಅಂಟಿಸಿದ ಇನ್ನೊಂದು ಹಲಗೆ. ಎಲ್ಲವನ್ನೂ ಹಿಡಿದಿಟ್ಟಿರುವುದು ಸ್ಟೇಪಲ್ ಪಿನ್ನು. ಮಾಡಿಗೆ ಹೆಂಚಿಲ್ಲ, ತಾರಸಿಯಿಲ್ಲ, ರಬ್ಬರಿನ ಒಂದು ಹೊದಿಕೆ. ಗಾಳಿಕಿಂಡಿ, ಏಸಿ, ಬಚ್ಚಲಿನ ಬೆಳಕಿಂಡಿಗಾಗಿ ಆ ರಬ್ಬರನ್ನು ಕೊರೆದ ಕಡೆಯೆಲ್ಲ ಅಂಚಿಗೆ ಸೀಲಂಟ್ ಸುರಿದಿರುತ್ತಾರೆ. ಬಿಸಿಲಿಗೆ ಅದು ಬಿರಿಯುತ್ತದೆ. ಕೂದಲೆಳೆಯಷ್ಟು ಬಿರುಕು ಸಾಕು, ನೀರು ಗೋಡೆಯೊಳಗೇ ಇಳಿದು, ಒಳಗಿರುವವರಿಗೆ ಒಂದು ಹನಿಯನ್ನೂ ತೋರಿಸದೆ ಮರವನ್ನು ಕೊಳೆಸುತ್ತ ಹೋಗುತ್ತದೆ. ನಮ್ಮ ಮಲೆನಾಡಿನ ಸೋರುವ ಮಾಡು ಎಷ್ಟೋ ವಾಸಿ. ಅದು ತಟಕ್ ತಟಕ್ ಎಂದು ಹೇಳಿ ಸೋರುತ್ತದೆ, ಕೆಳಗೆ ಬೋಗುಣಿ ಇಡಬಹುದು.

ವಾಲ್‌ಪೇಪರ್ ಕಿತ್ತಾಗ ಮೂಲೆಯ ಪ್ಲೈವುಡ್ ಕಪ್ಪಾಗಿ ಕೈಗೆ ಪುಡಿಪುಡಿಯಾಗಿ ಬಂತು. ಅಲ್ಲಿಂದ ಯಜಮಾನರು ವಿರಾಮ ಮರೆತರು. ನಿವೃತ್ತಿಯಾದ ಮೇಲೆ ಅವರ ಮಾತನ್ನು ಯಾರೂ ಬರೆದುಕೊಂಡಿರಲಿಲ್ಲ. ಇಲ್ಲಿ ಅಳಿಯಂದಿರು ನೋಟ್‌ಬುಕ್ ಹಿಡಿದು ನಿಂತರು. ಕೊಳೆತದ್ದನ್ನು ಗಟ್ಟಿ ಮರ ಸಿಗುವವರೆಗೆ ಕತ್ತರಿಸಿ ತೆಗೆದು, ಹೊಸ ಪಟ್ಟಿ ಕೂರಿಸಿ, ಮಾಡಿನ ಹಳೆಯ ಸೀಲಂಟನ್ನೆಲ್ಲ ಹೆರೆದು ಹೊಸದು ಸುರಿದರು. ಇಂಟರ್ನೆಟ್ಟಿನಲ್ಲಿ ನೋಡಿದರೆ ಆರ್‌ವಿ ದುರಸ್ತಿ ಎಂದರೆ ಕಂದು ಬಣ್ಣದ ಕಪಾಟಿಗೆ ಬಿಳಿ ಬಣ್ಣ ಬಳಿಯುವುದು ಎಂಬಂತಿರುತ್ತದೆ. ಮಗಳು ಬಣ್ಣವನ್ನೂ ಬಳಿದಳು. ಅದು ಕೊನೆಯ ವಾರದ ಕೆಲಸ, ಅದರ ಬಗ್ಗೆ ಹೇಳುವುದೇನೂ ಇಲ್ಲ.

ಎಲ್ಲರಿಗೂ ದಿಗಿಲು ಹುಟ್ಟಿಸಿದ್ದು ತೂಕ. ಬಾಗಿಲ ಬಳಿ ಒಂದು ಚೀಟಿ ಅಂಟಿಸಿರುತ್ತಾರೆ, ಈ ಗಾಡಿಯಲ್ಲಿ ಇಷ್ಟು ಪೌಂಡಿಗಿಂತ ಹೆಚ್ಚು ಸಾಮಾನು ತುಂಬಬಾರದು ಎಂದು. ಒಂದು ಗ್ಯಾಲನ್ ನೀರೇ ಎಂಟು ಪೌಂಡಿನ ಮೇಲೆ ತೂಗುತ್ತದೆ. ಅರವತ್ತು ಗ್ಯಾಲನ್ ತೊಟ್ಟಿ ತುಂಬಿಸಿದರೆ ಐನೂರು ಪೌಂಡು, ನಮ್ಮ ಲೆಕ್ಕದಲ್ಲಿ ಇನ್ನೂರಿಪ್ಪತ್ತೈದು ಕೆಜಿ, ಅಲ್ಲಿಗೇ ಹೋಯಿತು. ಗ್ರಾನೈಟ್ ಕಟ್ಟೆ ಬೇಡ, ಟೈಲ್ಸ್ ಬೇಡ, ಗಟ್ಟಿ ಮರದ ಮಂಚ ಬೇಡ. ನಾನು ಹಾಸನದಿಂದ ಹೊತ್ತು ತಂದಿದ್ದ ಹಿತ್ತಾಳೆ ದೀಪದ ಕಂಬಗಳನ್ನು ಮಗಳು ತಕ್ಕಡಿಗೆ ಇಟ್ಟು ನೋಡಿ, "ಅಮ್ಮ, ಇದರಲ್ಲಿ ಒಂದು ಮಾತ್ರ ಬರುತ್ತೆ" ಎಂದಳು. ಲೋಹಕ್ಕೆ ಹೀಗೆ ಲೆಕ್ಕ ಹಾಕಿದವಳು ಗ್ರೈಂಡರಿನ ಕಲ್ಲಿನ ವಿಷಯದಲ್ಲಿ ಮಾತ್ರ ಬಾಯಿ ಬಿಡಲಿಲ್ಲ. ದೋಸೆಯ ಮೇಲಿನ ಆಸೆಗೆ ಪೌಂಡೂ ಇಲ್ಲ, ಕೆಜಿಯೂ ಇಲ್ಲ.

ವಿದ್ಯುತ್ತಿನದು ನನ್ನ ಪಾಠ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿದವಳು, ವೋಲ್ಟು ಗುಣಿಸು ಆಂಪಿಯರ್ ಅಂದರೆ ವಾಟ್ ಎಂದು ಬೋರ್ಡಿನ ಮೇಲೆ ಬರೆದದ್ದಕ್ಕೆ ಲೆಕ್ಕವಿಲ್ಲ. ಹಳೆಯ ಆರ್‌ವಿ ಪಾರ್ಕುಗಳಲ್ಲಿ ಸಿಗುವುದು 30 ಆಂಪಿಯರ್, 120 ವೋಲ್ಟು. ಅಂದರೆ 3600 ವಾಟ್. ಏಸಿ ಓಡುತ್ತಿರುವಾಗ ಮೈಕ್ರೋವೇವ್ ಹಾಕಿ, ಅದರ ಮೇಲೆ ನೀರು ಕಾಯಿಸಲು ಹೊರಟರೆ ಟಪ್ಪೆಂದು ಕತ್ತಲೆ. ನನ್ನ ಮೊಮ್ಮಗಳಿಗೆ ಈಗ ಒಂಬತ್ತು ವರ್ಷ, ಕೂದಲು ಒಣಗಿಸುವ ಮೊದಲು "ಏಸಿ ಆಫ್!" ಎಂದು ಕೂಗುತ್ತಾಳೆ. ನನ್ನ ವಿದ್ಯಾರ್ಥಿಗಳಲ್ಲಿ ಆ ಸೂತ್ರಕ್ಕೆ ಇಷ್ಟು ಮರ್ಯಾದೆ ಕೊಟ್ಟವರು ಕಡಿಮೆ. ಹಳೆಯ ಫ್ರಿಜ್ ಇನ್ನೂ ಸೋಜಿಗದ್ದು. ಬೆಂಕಿ ಹಚ್ಚಿದರೆ ತಣ್ಣಗಾಗುವ ಯಂತ್ರ! ಪ್ರೊಪೇನ್ ಜ್ವಾಲೆಗೆ ಅಮೋನಿಯಾ ನೀರಿನಿಂದ ಬಿಟ್ಟೆದ್ದು, ಮುಂದೆ ಮತ್ತೆ ದ್ರವವಾಗಿ, ಹೈಡ್ರೋಜನ್ ಜೊತೆ ಸೇರಿ ಆವಿಯಾಗುವಾಗ ಪೆಟ್ಟಿಗೆಯ ಶಾಖವನ್ನು ಎಳೆದುಕೊಳ್ಳುತ್ತದೆ. 1922ರಲ್ಲಿ ಸ್ಟಾಕ್‌ಹೋಮಿನ ಇಬ್ಬರು ವಿದ್ಯಾರ್ಥಿಗಳು ಕಟ್ಟಿದ ಉಪಾಯ ಇದು. ಗಾಡಿ ಓರೆಯಾಗಿ ನಿಂತರೆ ಕೆಡುತ್ತದೆ ಎಂದು ಅಳಿಯಂದಿರು ಅದನ್ನು ತೆಗೆಸಿ ಬ್ಯಾಟರಿಯಲ್ಲಿ ಓಡುವ ಹೊಸದನ್ನು ಹಾಕಿಸಿದರು. ನನಗೆ ಬೇಸರವೇ ಆಯಿತು.

ಇಷ್ಟು ಹೊತ್ತು ಸುತ್ತಿ ಬಂದದ್ದು ಒಂದು ವಿಷಯ ಹೇಳಲು ಅಂಜಿ. ಈ ಮನೆಯ ಹೊಟ್ಟೆಯಲ್ಲಿ ಮೂರು ತೊಟ್ಟಿಗಳಿವೆ: ಕುಡಿಯುವ ನೀರಿನದು, ಸ್ನಾನ ಪಾತ್ರೆಯ ನೀರು ಹೋಗುವ ಗ್ರೇ ಟ್ಯಾಂಕ್, ಕಕ್ಕಸಿನ ಬ್ಲ್ಯಾಕ್ ಟ್ಯಾಂಕ್. ತುಂಬಿದ ಮೇಲೆ ಡಂಪ್ ಸ್ಟೇಷನ್ನಿಗೆ ಹೋಗಿ, ಕೈಗವಸು ಹಾಕಿಕೊಂಡು, ಮೂರಿಂಚಿನ ಪೈಪು ಜೋಡಿಸಿ, ಮೊದಲು ಕಪ್ಪು ತೊಟ್ಟಿಯ ಬಾಗಿಲು ಎಳೆಯಬೇಕು. ಅದು ಖಾಲಿಯಾದ ಮೇಲೆ ಗ್ರೇ. ಸೋಪಿನ ನೀರು ಹಿಂದೆ ಬಂದು ಪೈಪನ್ನು ತೊಳೆಯಲಿ ಎಂದು ಈ ಕ್ರಮ. ಕೆಲಸ ಹತ್ತು ನಿಮಿಷದ್ದು. ಅಳಿಯಂದಿರು ಮೊದಲ ಸಲ ಅದನ್ನು ಮಾಡುವಾಗ ನಾನು ದೂರದಲ್ಲಿ ನಿಂತು ನೋಡಿದೆ. ಅವರ ಮನೆತನದಲ್ಲಿ, ನಮ್ಮ ಮನೆತನದಲ್ಲೂ ಅಷ್ಟೆ, ಈ ಕೆಲಸವನ್ನು ಕೈಯಾರೆ ಮಾಡಿದವರು ಹಿಂದೆ ಯಾರೂ ಇಲ್ಲ. ನಾನು ಹುಡುಗಿಯಾಗಿದ್ದಾಗ ಹಿತ್ತಲ ಸಂದಿಯಿಂದ ಬಂದು ಹಿತ್ತಲ ಸಂದಿಯಿಂದಲೇ ಹೋಗುತ್ತಿದ್ದ ಒಬ್ಬ ಹೆಂಗಸು ಅದನ್ನು ಮಾಡುತ್ತಿದ್ದಳು. ದೇವರಾಜ ಅರಸರ ಸರ್ಕಾರದಲ್ಲಿ ಮಂತ್ರಿಯಾಗಿದ್ದ ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಿದಾಗ ನಮ್ಮ ಬೀದಿಯಲ್ಲಿ ಜನ ಮಾತಾಡಿದ್ದು ಇನ್ನು ಮುಂದೆ ಯಾರು ಮಾಡುತ್ತಾರೆ ಎಂಬುದನ್ನು. ಆ ಹೆಂಗಸಿನ ಮಾತು ಯಾರೂ ಎತ್ತಲಿಲ್ಲ. ಆಮೇಲೆ ಫ್ಲಶ್ ಬಂತು, ಗುಂಡಿ ಬಂತು, ನಾವು ಮರೆತೆವು. ನನ್ನ ಪ್ರಕಾರ ಈ ಗಾಡಿಯ ಸಂಸಾರದಲ್ಲಿ ಬೆಟ್ಟ, ಮರುಭೂಮಿ, ಸೂರ್ಯಾಸ್ತಕ್ಕಿಂತ ಹೆಚ್ಚು ನೋಡತಕ್ಕದ್ದು ಇದು: ನೀರು ಎಲ್ಲಿಂದ ಬಂತು, ಬೆಳಕಿಗೆ ಎಷ್ಟು ವಾಟ್ ಹೋಯಿತು, ಹೊಲಸು ಎಲ್ಲಿಗೆ ಹೋಯಿತು ಎಂಬುದು ಮನೆಯ ಮಕ್ಕಳಿಗೂ ಗೊತ್ತು. ಹಿತ್ತಲ ಸಂದಿಯೇ ಇಲ್ಲದ ಮನೆ ಇದು.

ಹಾಗೆಂದು ಹೊಗಳುತ್ತ ಕೂರಲಾರೆ. ಒಗ್ಗರಣೆಗೆ ಒಣಮೆಣಸಿನಕಾಯಿ ಹಾಕಿದರೆ ಹೊಗೆಯ ಅಲಾರಂ ಅರಚಿಕೊಳ್ಳುತ್ತದೆ, ಮಲಗಿದ ಮಕ್ಕಳು ಏಳುತ್ತಾರೆ, ಪಕ್ಕದ ಗಾಡಿಯವರು ಇಣುಕುತ್ತಾರೆ. ಮಕ್ಕಳ ಶಾಲೆ ಮನೆಯಲ್ಲೇ. ಟೆಕ್ಸಸ್ ಕಾನೂನು ಅದನ್ನು ಖಾಸಗಿ ಶಾಲೆಯೆಂದೇ ಎಣಿಸುತ್ತದೆ, ಯಾರ ಅಪ್ಪಣೆಯೂ ಬೇಡ. ಮಾಸ್ತರಿಕೆ ಮಾಡಿದವಳಿಗೆ ಇದು ರುಚಿಸುವುದಿಲ್ಲ. ಜಗಳವಾಡಲು ಬೇರೆ ಮಕ್ಕಳಿಲ್ಲದ ಶಾಲೆ ಎಂಥ ಶಾಲೆ? ವಯಸ್ಸಿನ ತಕರಾರು ಬೇರೆ. ಕೆಲವು ಖಾಸಗಿ ಪಾರ್ಕುಗಳು ಹತ್ತು ವರ್ಷ ದಾಟಿದ ಗಾಡಿಗೆ ಜಾಗ ಕೊಡುವುದಿಲ್ಲ. "ಮೊದಲು ಫೋಟೋ ಕಳಿಸಿ" ಎನ್ನುತ್ತಾರೆ. ವಯಸ್ಸು ಮೀರಿದ ವರನ ಕಡೆಯವರಂತೆ ಮಗಳು ಒಳ್ಳೆಯ ಬೆಳಕಿನಲ್ಲಿ, ಒಳ್ಳೆಯ ಕೋನದಲ್ಲಿ ತೆಗೆದ ಫೋಟೋಗಳನ್ನು ಸಿದ್ಧವಾಗಿ ಇಟ್ಟುಕೊಂಡಿದ್ದಾಳೆ.

ಇನ್ನು ವಿಳಾಸ. ಓಡಾಡುವ ಮನೆಗೆ ಟಪಾಲು ಬರುವುದು ಹೇಗೆ, ಡ್ರೈವಿಂಗ್ ಲೈಸೆನ್ಸಿನ ಮೇಲೆ ಏನು ಬರೆಯುವುದು? ಹ್ಯೂಸ್ಟನ್ನಿನ ಉತ್ತರಕ್ಕೆ ಲಿವಿಂಗ್‌ಸ್ಟನ್ ಎಂಬ ಸಣ್ಣ ಊರಿದೆ. 1978ರಲ್ಲಿ ಶುರುವಾದ ಎಸ್ಕೇಪೀಸ್ ಎಂಬ ಆರ್‌ವಿ ಜನರ ಸಂಘದ ಕಚೇರಿ ಅಲ್ಲಿ. ಸಾವಿರಾರು ಅಲೆಮಾರಿ ಕುಟುಂಬಗಳಿಗೆ ಆ ಸಂಘ ವಿಳಾಸ ಕೊಡುತ್ತದೆ. ಬಂದ ಕಾಗದವನ್ನು ಅವರು ಇರುವ ಕಡೆಗೆ ಕಳಿಸುತ್ತದೆ. ಹಾಸನದ ಹೊರಗೆ ಟೆಂಟು ಹಾಕುತ್ತಿದ್ದ ಅಲೆಮಾರಿಗಳ ಮಕ್ಕಳನ್ನು ಶಾಲೆಗೆ ಸೇರಿಸಿಕೊಳ್ಳಲು ಹೋದಾಗಲೆಲ್ಲ ಅರ್ಜಿಯಲ್ಲಿ ಖಾಲಿ ಉಳಿಯುತ್ತಿದ್ದದ್ದು ವಿಳಾಸದ ಸಾಲು. ದುಡ್ಡಿದ್ದು ಅಲೆದರೆ ವಿಳಾಸ ತಾನಾಗಿ ಹುಡುಕಿಕೊಂಡು ಬರುತ್ತದೆ.

ಅಮೆರಿಕದಲ್ಲೂ ಎಲ್ಲರೂ ಹಸಿರು ಕಾರ್ಡಿನ ಖುಷಿಗೆ ಹೊರಟವರಲ್ಲ. 2008ರ ಕುಸಿತದಲ್ಲಿ ಮನೆ ಕಳೆದುಕೊಂಡು ವ್ಯಾನಿನಲ್ಲಿ ಬದುಕಿದ ಮುದುಕ ಮುದುಕಿಯರ ಬಗ್ಗೆ ಜೆಸ್ಸಿಕಾ ಬ್ರೂಡರ್ 2017ರಲ್ಲಿ 'ನೋಮ್ಯಾಡ್‌ಲ್ಯಾಂಡ್' ಬರೆದರು. ಅದೇ ಸಿನಿಮಾ ಆಗಿ ಆಸ್ಕರ್ ಗೆದ್ದಿತು. ನಾವು ತಂಗಿದ್ದ ಸರ್ಕಾರಿ ಪಾರ್ಕಿನಲ್ಲಿ ಎಪ್ಪತ್ತು ದಾಟಿದವರೊಬ್ಬರು ಬೆಳಿಗ್ಗೆ ಕಸ ಆರಿಸುತ್ತ, ಶೌಚಾಲಯ ತೊಳೆಯುತ್ತ ಓಡಾಡುತ್ತಿದ್ದರು. ಸಂಬಳವಿಲ್ಲ, ಬದಲಿಗೆ ಗಾಡಿ ನಿಲ್ಲಿಸಲು ಬಿಟ್ಟಿ ಜಾಗ. ಯಜಮಾನರು ಅವರ ಜೊತೆ ಟಯರಿನ ಬಗ್ಗೆ ಗಂಟೆಗಟ್ಟಲೆ ಮಾತಾಡಿದರು. ಹಿಂತಿರುಗಿ ಹೋಗಲು ಮನೆ ಇದೆಯೇ ಎಂದು ಮಾತ್ರ ಕೇಳಲಿಲ್ಲ.

ಆ ಮಾತಿನಿಂದ ನಮಗೆ ಸಿಕ್ಕಿದ್ದನ್ನು ಹೇಳಿಬಿಡುತ್ತೇನೆ, ನಿಮ್ಮ ಮಕ್ಕಳು ಯಾರಾದರೂ ಇಂಥದ್ದಕ್ಕೆ ಕೈ ಹಾಕಿದರೆ ಉಪಯೋಗಕ್ಕೆ ಬಂದೀತು. ಗಾಡಿ ನೋಡಲು ಮಳೆ ಬಂದ ಮರುದಿನ ಹೋಗಿ. ಏಣಿ ಹಾಕಿಸಿ ಮಾಡು ಹತ್ತಿ. ಹತ್ತಬೇಡಿ ಎಂದರೆ ಅಲ್ಲಿಂದಲೇ ವಾಪಸ್ಸು ಬನ್ನಿ. ಟಯರಿನ ಮೈಮೇಲೆ ಒತ್ತಿದ ಅಕ್ಷರಗಳ ಕೊನೆಗೆ ನಾಲ್ಕು ಅಂಕಿ ಇರುತ್ತವೆ, ಮೊದಲೆರಡು ವಾರ, ಕೊನೆಯೆರಡು ವರ್ಷ: 2316 ಎಂದಿದ್ದರೆ ಅದು 2016ರ ಇಪ್ಪತ್ತಮೂರನೆಯ ವಾರದಲ್ಲಿ ಹುಟ್ಟಿದ್ದು. ಮೇಲೆ ಸವೆಯದಿದ್ದರೂ ಅಷ್ಟು ಹಳೆಯ ಟಯರಿನ ಮೇಲೆ ಸಂಸಾರ ಹೇರಬೇಡಿ. ಮಾರುವವರು ಕಾಫಿ ಕೊಟ್ಟರೆ ಕುಡಿಯಿರಿ, ಮುಂಗಡ ಮಾತ್ರ ಆ ನಾಲ್ಕು ಅಂಕಿ ಓದಿದ ಮೇಲೆ ಕೊಡಿ.