ಕಾಫಿಬೀಜದ ಊರು ಯಾವುದು?

ಪುಣೆಯ ನಮ್ಮ ಮನೆಗೆ ಕಾಫಿಪುಡಿ ಬಂದ ದಿನ ಒಂದು ಪಂಚಾಯಿತಿ ತಪ್ಪಿದ್ದಲ್ಲ. ಪೊಟ್ಟಣದ ಮೇಲೆ ‘ಅಪ್ಪಟ ಚಿಕ್ಕಮಗಳೂರು’ ಎಂದು ಅಚ್ಚಾಗಿರುತ್ತದೆ. ನನ್ನ ತಾಯಿಯವರು ಒಂದು ಗುಟುಕು ಕುಡಿದು, “ಇದು ನಮ್ಮ ಕಡೆಯದಲ್ಲ ಕಣಪ್ಪಾ” ಎನ್ನುತ್ತಾರೆ. ನಾನು ಗುಮಾಸ್ತ, ನಾಲಗೆಗಿಂತ ಕಾಗದವನ್ನು ನಂಬುವವನು. ಈ ವ್ಯಾಜ್ಯವನ್ನು ಮನಸ್ಸಿನಲ್ಲಿಟ್ಟುಕೊಂಡೇ ಕಳೆದ ಬೇಸಗೆಯ ರಜೆಯಲ್ಲಿ ಮಗನೊಡನೆ ಬಾಬಾಬುಡನ್‌ಗಿರಿಗೆ ಹೋಗಿಬಂದೆ.

ಚಿಕ್ಕಮಗಳೂರು ಬಿಟ್ಟು ಬಸ್ಸು ಬೆಟ್ಟವೇರತೊಡಗಿತೆಂದರೆ ಎರಡೂ ಕಡೆ ತೋಟಗಳೇ. ಸಿಲ್ವರ್ ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿ, ನೆರಳಿನಲ್ಲಿ ಕಾಫಿ ಗಿಡ. ಇನ್ನೂ ಮೇಲೆ ಹುಲ್ಲುಬೆಟ್ಟ, ಕಣಿವೆಗಳಲ್ಲಿ ಶೋಲಾ ಕಾಡು. 17ನೆಯ ಶತಮಾನದಲ್ಲಿ ಬಾಬಾ ಬುಡನ್ ಅವರು ಯೆಮನ್ ದೇಶದಿಂದ ಏಳು ಬೀಜ ತಂದು ಇಲ್ಲಿ ಬಿತ್ತಿದರೆಂಬುದು ಐತಿಹ್ಯ. ಇದೇ ಗಿರಿಶ್ರೇಣಿಯಲ್ಲಿ ಕೆಮ್ಮಣ್ಣುಗುಂಡಿಯಿದೆ. ಭದ್ರಾವತಿಯ ಕಾರ್ಖಾನೆಗೆ ಹಿಂದೆ ಕಬ್ಬಿಣದ ಅದಿರು ಹೋಗುತ್ತಿದ್ದುದು ಅಲ್ಲಿಂದ. ಮಣ್ಣಿನ ಗುಣ ಊರಿನ ಹೆಸರಿನಲ್ಲಿಯೇ ಇದೆ.

ಇಳಿಯುವಾಗ ತೋಟವೊಂದರ ರೈಟರು ನಮ್ಮನ್ನು ಕರೆದು ಕಾಫಿ ಒಣಗಿಸುವ ಕಣ ತೋರಿಸಿದರು. “ನಾವು ಬೆಳೆಯೋದು ಇಷ್ಟೇ, ನಮ್ಮ ಹೆಸರಲ್ಲಿ ಮಾರೋದು ಎಷ್ಟೋ! ಹುರಿದು ಪುಡಿ ಮಾಡಿದ ಮೇಲೆ ಕಂಡುಹಿಡಿಯೋರು ಯಾರು ಸ್ವಾಮಿ?” ಎಂದರು.

ಕಂಡುಹಿಡಿದವರಿದ್ದಾರೆಂದು ನಾನು ಕೋನಾದ ಕಥೆ ಹೇಳಿದೆ. ಕೋನಾ ಅಮೆರಿಕೆಯ ಹವಾಯಿ ದ್ವೀಪದಲ್ಲಿ, ಜ್ವಾಲಾಮುಖಿ ಪರ್ವತಗಳ ಇಳಿಜಾರಿನಲ್ಲಿರುವ ಕಿರಿದಾದ ಕಾಫಿಸೀಮೆ. ಅಲ್ಲಿ ಬೆಳೆದದ್ದಕ್ಕಿಂತ ಎಷ್ಟೋ ಹೆಚ್ಚು ಕಾಫಿ ಆ ಹೆಸರಿನಲ್ಲಿ ಮಾರಾಟವಾಗುತ್ತಿದೆಯೆಂದು ಬೆಳೆಗಾರರು 2019ರಲ್ಲಿ ದಾವೆ ಹೂಡಿದರು. ಅವರಿಗೆ ನೆರವಾದವರು ಯೂಟಾ ವಿಶ್ವವಿದ್ಯಾನಿಲಯದ ವಿಜ್ಞಾನಿ ಜೇಮ್ಸ್ ಎಲರಿಂಜರ್.

ಗಿಡ ಬೇರಿನಿಂದ ನೀರು ಹೀರುವಾಗ ಮಣ್ಣಿನಲ್ಲಿರುವ ಸ್ಟ್ರಾನ್ಷಿಯಂ, ಬೇರಿಯಂ, ಸತು, ನಿಕ್ಕಲ್‌ಗಳೂ ಅಣುಮಾತ್ರವಾಗಿ ಬೀಜ ಸೇರುತ್ತವೆ. ಹುರಿದರೆ ಬೀಜದ ತೇವ ಆರುತ್ತದೆ, ಬಣ್ಣವೂ ವಾಸನೆಯೂ ಬದಲಾಗುತ್ತವೆ. ಈ ಧಾತುಗಳು ಮಾತ್ರ ಉಳಿಯುತ್ತವೆ. ಆದ್ದರಿಂದ ಸ್ಟ್ರಾನ್ಷಿಯಂಗೆ ಸತು ಎಷ್ಟು, ಬೇರಿಯಂಗೆ ನಿಕ್ಕಲ್ ಎಷ್ಟು ಎಂಬ ಪ್ರಮಾಣವನ್ನು ಅವರು ಅಳೆದರು. ಕೋನಾದ ಬೀಜದ ಲೆಕ್ಕಕ್ಕೆ ಅಂಗಡಿಯ ಅನೇಕ ಪೊಟ್ಟಣಗಳ ಲೆಕ್ಕ ತಾಳೆಯಾಗಲಿಲ್ಲ. ಒಂದೊಂದಾಗಿ ಕಂಪನಿಗಳು ರಾಜಿಗೆ ಬಂದವು. ರಾಜಿಯ ಒಟ್ಟು ಮೊತ್ತ 4 ಕೋಟಿ ಡಾಲರು ಮೀರಿತು.

ಬಾಬಾಬುಡನ್‌ಗಿರಿ, ಚಿಕ್ಕಮಗಳೂರು, ಕೊಡಗುಗಳ ಅರೇಬಿಕಾ ಕಾಫಿಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದ್ದೂ 2019ರಲ್ಲಿಯೇ. ಆದರೆ ಹೆಸರನ್ನು ಹೀಗೆ ಪರೀಕ್ಷಿಸಿ ಕಾಯಬೇಕಾದರೆ ಮೊದಲು ಆಯಾ ತೋಟಗಳ ಬೀಜ ತಂದು ಲೆಕ್ಕ ಬರೆದಿಡಬೇಕು. ತಾಳೆ ನೋಡಲು ಮೂಲ ದಾಖಲೆಯಿಲ್ಲದೆ ಯಾವ ಕಚೇರಿ ನಡೆದೀತು? ಚಿಕರಿ ಬೆರೆತರಂತೂ ಅದು ಬೆಳೆದ ಗುಜರಾತಿನ ಮಣ್ಣೂ ಲೋಟದಲ್ಲಿ ಸಾಕ್ಷಿ ಹೇಳುತ್ತದೆ.

ಅಷ್ಟರಲ್ಲಿ ಮಗ ಕೇಳಿದ: “ಏಳು ಬೀಜ ಬಂದದ್ದು ಯೆಮನ್‌ನಿಂದ ಅಲ್ಲವೇನಪ್ಪಾ? ಹಾಗಾದರೆ ಇದು ಯೆಮನ್ ಕಾಫಿ.”

“ಯಂತ್ರ ನೋಡುವುದು ಬೆಳೆದ ಮಣ್ಣನ್ನು, ಮರಿ.”

“ಹಾಗಾದರೆ ನಾನು ಪುಣೆಯವನು!”

ರೈಟರು ಗೊಳ್ಳೆಂದು ನಕ್ಕರು. ನನಗೆ ಮಾತ್ರ ಉತ್ತರ ಹೊಳೆಯಲಿಲ್ಲ.

ಅವರ ತೋಟದ್ದೇ ಎರಡು ಸೇರು ಬೀಜ ತಂದು, ಮನೆಯಲ್ಲಿ ಹುರಿದು, ಚಿಕರಿ ಸೋಂಕದಂತೆ ಪುಡಿ ಮಾಡಿಸಿ, ತಾಯಿಯವರ ಮುಂದೆ ಲೋಟ ಇಟ್ಟು ತೀರ್ಪಿಗಾಗಿ ಕಾದೆ. ಒಂದು ಗುಟುಕು ಕುಡಿದರು. “ಬೀಜ ನಮ್ಮ ಕಡೆಯದೇ. ನೀರು ಪುಣೆಯದು. ಇರಲಿ, ಚೆನ್ನಾಗಿದೆ” ಎಂದು ಇನ್ನರ್ಧ ಲೋಟವನ್ನು ಮೊಮ್ಮಗನ ಕೈಗೆ ಕೊಟ್ಟರು.