ಚದರಕ್ಕೆ ಎಷ್ಟು?

ಇಲ್ಲಿ ಬರೆದು ತುಂಬಾ ದಿನ ಆಯ್ತು. ಯಾಕೆ ಅಂತ ಕೇಳಿದ ಗೆಳೆಯರಿಗೆಲ್ಲ "ಮನೆ ಕೆಲಸ" ಅಂತ ಒಂದೇ ಉತ್ತರ ಕೊಡ್ತಾ ಬಂದಿದ್ದೆ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂದವರು ಯಾರೋ... ಪೂರ್ತಿ ಮನೆ ಬೇಡ, ಬರೀ ಒಂದು ಮೋಲ್ಡ್ ಹಾಕ್ಸಿ ನೋಡಿದ್ರೂ ಸಾಕಿತ್ತು :-)

ತುಮಕೂರಿನ ನಮ್ಮ ಮನೆ ಅಪ್ಪ 1998ರಲ್ಲಿ ಕಟ್ಟಿಸಿದ್ದು. ಅದರ ಮೇಲೊಂದು ಮನೆ ಎಬ್ಬಿಸೋಣ ಅಂತ ಹೊರಟು, ದಿನಗೂಲಿ ಲೆಕ್ಕದಲ್ಲಿ ಗೋಡೆ ಮುಗಿಸಿ, ತಾರಸಿ ಹಂತಕ್ಕೆ ಬಂದಿದ್ದು 2024ರ ಫೆಬ್ರವರಿಯಲ್ಲಿ. ಕೈಯಲ್ಲಿ ಉಳಿದಿದ್ದು ಅಮ್ಮನ ಚೀಟಿ ದುಡ್ಡು, ಎರಡು ಲಕ್ಷ. ತಾರಸಿ ಅಷ್ಟರಲ್ಲೇ ಮುಗೀಬೇಕು. 800 ಚದರಡಿ, ಮೇಸ್ತ್ರಿಗಳ ಭಾಷೇಲಿ ಎಂಟು ಚದರ.

ಮೂರು ಕಡೆ ರೇಟ್ ಕೇಳಿದೆ. ಮೊದಲನೆಯವರು ಬಣ್ಣದ ಲೆಟರ್‌ಹೆಡ್ಡಿನಲ್ಲಿ ಒಂದೇ ಸಾಲು ಬರೆದುಕೊಟ್ರು: ಮೆಟೀರಿಯಲ್ ಸೇರಿ ಚದರಕ್ಕೆ 19,500, ಒಟ್ಟು 1,56,000. ಎರಡನೆಯವರದ್ದು ಎರಡು ಪುಟ, ಚದರಕ್ಕೆ 25,500, ಅಂದ್ರೆ 2,04,000, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ. ಮೂರನೆಯವರು ಅಪ್ಪನ ಕಾಲದ ಮೇಸ್ತ್ರಿ, ಕೆಳಗಿನ ಮನೆ ಕಟ್ಟಿದವರೇ. ಟೀ ಕುಡಿದು, ಯಾರದೋ ಲಗ್ನಪತ್ರಿಕೆಯ ಹಿಂದೆ ಲೆಕ್ಕ ಹಾಕಿ, "ಬರೀ ಕೂಲಿ ಚದರಕ್ಕೆ ಒಂಬತ್ತೂವರೆ ಸಾವಿರ ಸಾರ್. ಸೆಂಟ್ರಿಂಗ್, ಕಂಬಿ ಕಟ್ಟೋದು, ಕಾಂಕ್ರೀಟು, ಮಿಕ್ಸರು, ಲಿಫ್ಟು ಎಲ್ಲ ನಂದು. ಮಾಲು ನಿಮ್ದು" ಅಂದ್ರು.

1,56,000 ನೋಡಿ ನಮ್ಮ ಮನೇಲಿ ಹಬ್ಬ. ಅಮ್ಮನಂತೂ ಉಳಿಯೋ ದುಡ್ಡಲ್ಲಿ ಅಡುಗೆಮನೆಗೆ ಗ್ರಾನೈಟ್ ಹಾಕಿಸಿಬಿಟ್ಟಿದ್ರು, ಮನಸ್ಸಲ್ಲೇ.

ನನಗೆ ಮಾತ್ರ ಆ ಒಂದು ಸಾಲು ಯಾಕೋ ಸರಿ ಕಾಣಲಿಲ್ಲ. ಇಂಜಿನಿಯರ್ ಕೊಟ್ಟ ಡ್ರಾಯಿಂಗ್ ಇಟ್ಕೊಂಡು ರಾತ್ರಿ ಕೂತೆ. ಡ್ರಾಯಿಂಗಲ್ಲಿ ದಪ್ಪ 5 ಇಂಚು. 800 ಚದರಡಿಗೆ 333 ಘನ ಅಡಿ ಆಯ್ತು. ಎರಡು ತೊಲೆಗೆ ಇನ್ನೊಂದು 20 ಸೇರಿಸಿದ್ರೆ 353, ಅಂದ್ರೆ ಹತ್ತು ಘನ ಮೀಟರ್. ಎಂ 20 ಕಾಂಕ್ರೀಟು, ಒಂದು ಪಾಲು ಸಿಮೆಂಟಿಗೆ ಒಂದೂವರೆ ಮರಳು, ಮೂರು ಜಲ್ಲಿ. ಹಾಗೆ ಕಲಸಿದ್ರೆ ಒಂದು ಘನ ಮೀಟರಿಗೆ ಸುಮಾರು 8 ಮೂಟೆ ಸಿಮೆಂಟ್ ಬೇಕು. ಹಾಗಾಗಿ 80 ಮೂಟೆ, 150 ಘನ ಅಡಿ ಎಂ ಸ್ಯಾಂಡ್, 300 ಘನ ಅಡಿ ಜಲ್ಲಿ. ಕಂಬಿಗೂ ಒಂದು ಸುಲಭದ ಲೆಕ್ಕ ಇದೆ: ಎಷ್ಟು ಎಂಎಂ ಕಂಬಿಯೋ ಅದನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದ್ರೆ ಮೀಟರಿಗೆ ಎಷ್ಟು ಕೆಜಿ ಅಂತ ಸಿಗುತ್ತೆ. 10 ಎಂಎಂ ಕಂಬಿ ಮೀಟರಿಗೆ 617 ಗ್ರಾಂ, 12 ಮೀಟರಿನ ಒಂದು ಕಂಬಿ 7.4 ಕೆಜಿ. ಡ್ರಾಯಿಂಗ್ ಪ್ರಕಾರ ಎಣಿಸಿದ್ರೆ 800 ಕೆಜಿ ಹತ್ರ ಬಂತು. ಅಂಗಡಿ ರೇಟ್ ಹಾಕಿದ್ರೆ ಮಾಲಿಗೇ 1,04,300. (ಆಗ ಸಿಮೆಂಟಿಗೆ 28 ಪರ್ಸೆಂಟ್ ಜಿಎಸ್‌ಟಿ. 2025ರ ಸೆಪ್ಟೆಂಬರ್ 22ರಿಂದ ಅದು 18 ಆಗಿದೆ. ನಮ್ಮ ಮೋಲ್ಡ್ ಆದಮೇಲೆ, ಸಹಜವಾಗಿ!)

ಮಾಲಿಗೇ ಇಷ್ಟಾದ್ರೆ ಮೊದಲನೆಯವರಿಗೆ ಕೂಲಿ, ಸೆಂಟ್ರಿಂಗ್, ಲಾಭ ಎಲ್ಲ ಸೇರಿ ಐವತ್ತು ಸಾವಿರದಲ್ಲಿ ಹೇಗೆ ಗಿಟ್ಟುತ್ತೆ? ಬೆಳಿಗ್ಗೆ ಫೋನ್ ಮಾಡಿದೆ. ದಪ್ಪ ಎಷ್ಟು ಅಂದ್ರೆ "ನಾಲ್ಕಿಂಚು ಸಾರ್, ಎಲ್ಲರೂ ಅಷ್ಟೇ ಹಾಕೋದು." ಅಲ್ಲಿಗೆ 15 ಮೂಟೆ ಸಿಮೆಂಟ್ ಉಳೀತು ಅವರಿಗೆ. ಕಂಬಿ ಎಷ್ಟು ದೂರಕ್ಕೊಂದು? ಎಂಟಿಂಚಿಗೆ. ಡ್ರಾಯಿಂಗಲ್ಲಿ ಇರೋದು ಆರಿಂಚಿಗೆ, ಅಂದ್ರೆ ನಾಲ್ಕರಲ್ಲಿ ಒಂದು ಕಂಬಿ ಮಾಯ. ತೊಲೆ? "ಅದು ಬೇರೆ ಸಾರ್." ಅವರೇನೂ ಸುಳ್ಳು ಹೇಳಲಿಲ್ಲ ನೋಡಿ. ನಾನು ಕೇಳಿರಲಿಲ್ಲ, ಅವರು ಬರೆದಿರಲಿಲ್ಲ. ನಾನು ಹೋಲಿಸ್ತಾ ಇದ್ದಿದ್ದು ಮೂರು ಬೇರೆ ಬೇರೆ ತಾರಸಿಗಳನ್ನ.

ಎರಡನೆಯವರ ಎರಡು ಪುಟದಲ್ಲಿ ಕವರಿಂಗ್ ಬ್ಲಾಕ್ ಕೂಡ ಬಿಟ್ಟಿರಲಿಲ್ಲ. ಆದ್ರೆ ತೆರಿಗೆ ಸೇರಿ 2,40,720. ನಮ್ಮ ಕೈಗೆ ಎಟುಕಲ್ಲ. ಮೇಸ್ತ್ರಿ ಕೂಲಿ 76,000 ಮತ್ತು ಮಾಲು ಸೇರಿದ್ರೆ 1,80,300. ಸರಿ, ಅವರೇ ಅಂತ ಆಯ್ತು.

ಇಲ್ಲಿಗೇ ನಿಲ್ಲಿಸಿದ್ರೆ ನಾನು ಜಾಣ ಅನ್ನಿಸಿಕೊಳ್ತಿದ್ದೆ. ನಿಲ್ಲಿಸಲಿಲ್ಲ. ಚೌಕಾಸಿ ಮಾಡದೆ ಒಪ್ಪಿಕೊಂಡ್ರೆ ಅಮ್ಮ ಬಿಡ್ತಾರಾ? "ಮೇಸ್ತ್ರಿ, ಇನ್ನೊಬ್ರು ಎಂಟೂವರೆಗೆ ಬರ್ತೀನಿ ಅಂದಿದ್ದಾರೆ, ನೀವು ಸ್ವಲ್ಪ ನೋಡಿ" ಅಂದೆ. ಅಪ್ಪಟ ಸುಳ್ಳು. ಮೇಸ್ತ್ರಿ ಮೇಲೆ ಹೋಗಿ ಗೋಡೆಗಳನ್ನೆಲ್ಲ ಒಂದು ಸುತ್ತು ನೋಡಿಬಂದು, "ಆಯ್ತು ಬಿಡಿ ಸಾರ್, ಎಂಟು ಮುಕ್ಕಾಲು ಮಾಡಿ" ಅಂದ್ರು. ಆರು ಸಾವಿರ ಉಳೀತು! ಆ ಆರು ಸಾವಿರ ಎಲ್ಲಿಂದ ಉಳೀತು ಅಂತ ಮಾತ್ರ ನನ್ನ ಎಕ್ಸೆಲ್ ಹಾಳೆಯಲ್ಲಿ ಕಾಲಂ ಇರಲಿಲ್ಲ.

ಮೋಲ್ಡ್ ದಿನ ಗೊತ್ತಾಯ್ತು. ಹದಿನೆಂಟು ಜನ ಬರಬೇಕಿದ್ದ ಕಡೆ ಹದಿಮೂರು ಜನ ಬಂದಿದ್ರು. ಪೂಜೆ ಮಾಡಿ, ಕುಂಬಳಕಾಯಿ ಒಡೆದು ಮಿಕ್ಸರ್ ತಿರುಗಿದಾಗ ಒಂಬತ್ತೂವರೆ. ಒಂದು ಸಲಕ್ಕೆ ಒಂದು ಮೂಟೆ, ಅಂದ್ರೆ ಎಂಬತ್ತು ಸಲ ತಿರುಗಬೇಕು. ಮಧ್ಯಾಹ್ನ ಎರಡಕ್ಕೆ ಅರ್ಧ ಮುಗಿದಿತ್ತು. ಊಟಕ್ಕೆ ಕೂತ್ರು. ಅಮ್ಮ ಹೋಳಿಗೆ ಬೇರೆ ಮಾಡಿಸಿದ್ರು, ಇದ್ದವರೇ ಕಮ್ಮಿ, ಸುಸ್ತಾಗಿದ್ರು, ಎದ್ದು ಮತ್ತೆ ಶುರು ಮಾಡೋ ಹೊತ್ತಿಗೆ ಒಂದೂವರೆ ಗಂಟೆ ಕಳೆದಿತ್ತು. ಆ ಬಿಸಿಲಲ್ಲಿ ನಿಂತ ಕಾಂಕ್ರೀಟಿನ ಅಂಚು ಬಿರುಸಾಗಿಬಿಟ್ಟಿತ್ತು. ಮೇಸ್ತ್ರಿ ಅಂಚನ್ನ ಕೆರೆದು, ಸಿಮೆಂಟ್ ಹಾಲು ಸುರಿದು ಮುಂದುವರಿಸಿದ್ರು. ಮುಗಿದಾಗ ರಾತ್ರಿ ಎಂಟು, ಬಲ್ಬ್ ಬೆಳಕಲ್ಲಿ. ಅಪ್ಪ ಮಾತ್ರ ಕೆಳಗೆ ಕುರ್ಚಿ ಹಾಕ್ಕೊಂಡು "98ರಲ್ಲಿ ಐದಕ್ಕೆಲ್ಲ ಮುಗಿಸಿದ್ದ ಇವನು" ಅಂತ ಹೇಳ್ತಾನೇ ಇದ್ರು.

ಲೆಕ್ಕಕ್ಕೆ ಸಿಗದ ಖರ್ಚುಗಳೂ ಒಂದೊಂದೇ ಬಂದ್ವು. ಕರೆಂಟ್ ಪೈಪು, ಫ್ಯಾನ್ ಬಾಕ್ಸು 4,500. ಬೈಂಡಿಂಗ್ ವೈರ್, ಮೊಳೆ, ಕವರಿಂಗ್ ಬ್ಲಾಕ್ 1,900. ಊಟ, ಪೂಜೆ, ಮೇಲೊಂದಿಷ್ಟು ಭಕ್ಷೀಸು 6,200. ಹಿಂದಿನ ವರ್ಷದ ಬರ ಬೇರೆ, ಕ್ಯೂರಿಂಗಿಗೆ ಬದು ಕಟ್ಟಿ ನೀರು ನಿಲ್ಲಿಸೋಕೆ ನಲ್ಲಿ ನೀರು ಸಾಲದೆ ನಾಲ್ಕು ಟ್ಯಾಂಕರ್, 2,800. ಒಟ್ಟು 1,89,700ಕ್ಕೆ ನಿಂತಿತು. ಎರಡು ಲಕ್ಷದ ಒಳಗೇ. ಎಲ್ಲರಿಗೂ ಹೇಳಿಕೊಂಡು ತಿರುಗಿದೆ.

ಅದೇ ವರ್ಷ ಮಳೆಗಾಲದಲ್ಲಿ ಹಾಲಿನ ಸೂರಿಗೆ ಅಡ್ಡಲಾಗಿ ಒಂದು ಒದ್ದೆ ಗೆರೆ ಮೂಡಿತು. ಗೋಡೆಯಿಂದ ಗೋಡೆಗೆ, ಊಟಕ್ಕೆ ಎದ್ದುಹೋದ ಕಡೆಗೇ ಸರಿಯಾಗಿ. ಫೋನ್ ಮಾಡಿದ ಅರ್ಧ ಗಂಟೆಗೆ ಮೇಸ್ತ್ರಿ ನೆನೆಕೊಂಡೇ ಬಂದ್ರು. ಗೆರೆಯ ಮೇಲೆ ಕೈ ಆಡಿಸಿ, "ಅವತ್ತು ಐದು ಜನ ಕಮ್ಮಿ ಇದ್ರು ಸಾರ್. ಆ ರೇಟಿಗೆ ಅವರನ್ನ ಕರ್ಕೊಂಡು ಬರೋಕೆ ಆಗ್ಲಿಲ್ಲ" ಅಂದ್ರು. ಬೈಗುಳ ಇರಲಿಲ್ಲ ಅದರಲ್ಲಿ. ಬೈದಿದ್ರೇ ಚೆನ್ನಾಗಿತ್ತು.

ಮಳೆ ಬಿಟ್ಟ ಮೇಲೆ ಮೇಲಿಂದ ಗಾಡಿ ಹೊಡೆದು, ಗ್ರೌಟ್ ತುಂಬಿ, ವಾಟರ್‌ಪ್ರೂಫಿಂಗ್ ಬಳಿಸಿದ್ವಿ. ಮಾಲಿಗೆ 11,000. ಕೂಲಿ ತಗೊಳ್ಳಲಿಲ್ಲ ಅವರು, ಎಷ್ಟು ಹೇಳಿದ್ರೂ. ನನ್ನ ಹಾಳೆಯ ಕೊನೇ ಸಾಲಲ್ಲಿ ಈಗ 2,00,700 ಅಂತ ಇದೆ. ಎಂಟೂವರೆಯ ಇನ್ನೊಬ್ಬರು ಯಾರೂ ಇರಲಿಲ್ಲ ಅಂತ ಅವರಿಗೆ ಇನ್ನೂ ಹೇಳಿಲ್ಲ. ಅವರಿಗೆ ಗೊತ್ತಿರಬಹುದು.

ಮೊನ್ನೆ ಮೆಟ್ಟಿಲ ಮೇಲಿನ ಹೆಡ್‌ರೂಮ್ ಹಾಕಿಸೋಣ ಅಂತ ಮತ್ತೆ ಕರೆಸಿದ್ದೆ. ಒಂದು ಚದರವೂ ಇಲ್ಲ. ಟೇಪ್ ಹಿಡಿದು ಅಳತೆ ಮಾಡಿ, "ಹನ್ನೆರಡು ಸಾವಿರ ಸಾರ್, ಕೂಲಿ" ಅಂದ್ರು. ಅಮ್ಮ ಬಾಗಿಲಲ್ಲಿ ನಿಂತು ಕಣ್ಣಲ್ಲೇ ಸನ್ನೆ ಮಾಡ್ತಾ ಇದ್ರು.

"ಎಷ್ಟು ಜನ ಬರ್ತಾರೆ ಮೇಸ್ತ್ರಿ?" ಅಂತ ಕೇಳಿದೆ.