ಖಾಲಾಮ್ಮನ ಟ್ರಂಕಿನ ಲಕೋಟೆಗಳು

ಸಹೋದರಿಯರೇ, ಶ್ರೀರಂಗಪಟ್ಟಣಕ್ಕೆ ಹೋದರೆ ನೀವು ಗುಂಬಝ್, ಮಸ್ಜಿದೆ ಆಲಾ, ದರಿಯಾ ದೌಲತ್ ನೋಡಿ ಬರುತ್ತೀರಿ. ನಾವೂ ಅಷ್ಟೇ ಮಾಡುತ್ತಿದ್ದೆವು. ಈ ಸಲ ಗಂಜಾಂನಲ್ಲಿ ಖಾಲಾಮ್ಮ ತೆರೆದ ತಗಡಿನ ಟ್ರಂಕೊಂದು ನಮ್ಮ ದಾರಿಯನ್ನು ಬದಲಿಸಿತು.

ಖಾಲೂ ಸರಕಾರಿ ಶಾಲೆಯ ಮಾಸ್ತರರು. ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಎಂದು ವರ್ಗವಾಗುತ್ತಲೇ ಇದ್ದರು. ಇಲಾಖೆಯ ಕಾಗದಗಳೂ ಅವರ ಬೆನ್ನಿಗೇ ಬರುತ್ತಿದ್ದವು. ಖಾಲಾಮ್ಮ ಒಂದನ್ನೂ ಬಿಸಾಡಿಲ್ಲ. ಆ ಲಕೋಟೆಗಳ ಮೇಲೆ 'ಸರ್ವಿಸ್' ಎಂದಿರುವ ಅಂಚೆಚೀಟಿಗಳಿದ್ದವು.

ಸರಕಾರಿ ಕಚೇರಿಗಳಿಗೆಂದೇ ಇದ್ದ ಚೀಟಿಗಳಿವು. 1866ರಲ್ಲಿ ಸಾಮಾನ್ಯ ಚೀಟಿಯ ಮೇಲೆಯೇ 'ಸರ್ವಿಸ್' ಎಂದು ಕಲ್ಕತ್ತೆಯಲ್ಲಿ ಮತ್ತೊಮ್ಮೆ ಅಚ್ಚು ಹಾಕಿದರು. ಇದಕ್ಕೆ ಓವರ್‌ಪ್ರಿಂಟ್ ಎನ್ನುತ್ತಾರೆ. ಎರಡನೇ ಸಲ ಅಚ್ಚಿಗೆ ಕೊಟ್ಟಾಗ ಹಾಳೆ ತಿರುಗಿದರೆ ಅಕ್ಷರ ತಲೆಕೆಳಗು. ಒಂದು ಅಚ್ಚುಮೊಳೆ ಸವೆದಿದ್ದರೆ 'ಐ' ಅಕ್ಷರದ ಚುಕ್ಕೆಯೇ ಮಾಯ. ಸಂಗ್ರಾಹಕರು ಹುಡುಕುವುದು ಇಂಥ ತಪ್ಪುಗಳನ್ನು. ಅಕ್ಷರ ಸ್ವಲ್ಪ ಪಕ್ಕಕ್ಕೆ ಸರಿದಿದ್ದರೆ, ಮಸಿ ಮಾಸಿದ್ದರೆ ಅದು ದೊಡ್ಡ ಸಂಗತಿಯಲ್ಲ.

1971ರಲ್ಲಿ ಪೂರ್ವ ಪಾಕಿಸ್ತಾನದಿಂದ ಸುಮಾರು ಒಂದು ಕೋಟಿ ನಿರಾಶ್ರಿತರು ಬಂದರಲ್ಲ, ಆಗ ನವೆಂಬರ್ 15ರಿಂದ ಕಾಗದಗಳಿಗೆ ಐದು ಪೈಸೆ ಹೆಚ್ಚುವರಿ ಚೀಟಿ ಅಂಟಿಸಬೇಕಾಯಿತು. ಹೊಸ ಚೀಟಿ ಅಚ್ಚಾಗುವವರೆಗೆ ಕಾಯಲು ಸಮಯವಿಲ್ಲ. ಕುಟುಂಬ ಯೋಜನೆಯ ಐದು ಪೈಸೆ ಚೀಟಿಯ ಮೇಲೆ 'ನಿರಾಶ್ರಿತರ ಪರಿಹಾರ' ಎಂಬರ್ಥದ ಅಕ್ಷರ ಒತ್ತಿದರು. ಸರ್ವಿಸ್ ಚೀಟಿಗೂ ಅದೇ ಗತಿ. ನಾಸಿಕದ್ದು ಸಾಲದೆ ಬೆಂಗಳೂರು ಮೊದಲಾದ ಕಡೆ ಸ್ಥಳೀಯವಾಗಿಯೂ ಅಚ್ಚು ಮಾಡಿದರು. ಅವಸರದ ಕೆಲಸ, ತಪ್ಪಾಗದೆ ಇರುತ್ತದೆಯೇ?

ಮರುದಿನ ಆ ಊರುಗಳನ್ನು ನೋಡಲು ಹೊರಟೆವು. ಪಾಂಡವಪುರದ ಬಂಡೆಗಳ ಬಳಿ ಹೈದರ್, ಟಿಪ್ಪುವಿನ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದರಿಂದ ಆಂಗ್ಲರು ಊರನ್ನು 'ಫ್ರೆಂಚ್ ರಾಕ್ಸ್' ಎಂದು ಕರೆದರು. ನಮ್ಮ ಜನರಿಗೆ ಅದು ಹಿರೋಡೆ. ಕೆ.ಆರ್. ಪೇಟೆಯಲ್ಲಿ ಚಹಾ ಕುಡಿದದ್ದಷ್ಟೇ. ನಾಗಮಂಗಲದಲ್ಲಿ, ಹಿತ್ತಾಳೆ ಕೆಲಸಕ್ಕೆ ಹೆಸರಾದ ಆ ಊರಲ್ಲಿ, ಖಾಲಾಮ್ಮ ತಾವು ಬಾಡಿಗೆಗಿದ್ದ ಬೀದಿಯನ್ನು ಗುರುತಿಸಿದರು. ಮನೆ ಇರಲಿಲ್ಲ.

ಮರಳಿ ಬರುವಷ್ಟರಲ್ಲಿ ಮನೆಯ ಹುಡುಗನೊಬ್ಬ ನಾಲ್ಕು ಲಕೋಟೆಗಳ ಚೀಟಿಗಳನ್ನು ನೀರಿನಲ್ಲಿ ನೆನೆಸಿ ಬಿಡಿಸಿಟ್ಟಿದ್ದ! 2017ರಲ್ಲಿ ಗಾಂಧೀಜಿಯ ಹತ್ತು ರೂಪಾಯಿಯ ನಾಲ್ಕು ಸರ್ವಿಸ್ ಚೀಟಿಗಳು ಇಂಗ್ಲೆಂಡಿನಲ್ಲಿ ಐದು ಲಕ್ಷ ಪೌಂಡಿಗೆ ಮಾರಾಟವಾದ ಸುದ್ದಿ ಅವನಿಗೆ ಗೊತ್ತಿತ್ತು. ಅವು 1948ರಲ್ಲಿ ಗವರ್ನರ್ ಜನರಲ್ ಅವರ ಬಳಕೆಗಾಗಿ ಕೆಲವೇ ಅಚ್ಚಾದವು. ಸಾಮಾನ್ಯ ಚೀಟಿಗೆ ಕಳ್ಳ ಅಚ್ಚು ಹಾಕಿ ಮಾರುವವರೂ ಇದ್ದಾರೆ. ನಿಮ್ಮ ಮನೆಯಲ್ಲಿ ಇಂಥದು ಸಿಕ್ಕರೆ ಚೀಟಿ ಬಿಡಿಸಬೇಡಿ. ಅಂಚೆ ಮುದ್ರೆಯ ಅರ್ಧ ಚೀಟಿಯ ಮೇಲೆ, ಇನ್ನರ್ಧ ಲಕೋಟೆಯ ಮೇಲಿರುತ್ತದೆ. ಎರಡೂ ಕೂಡಿದರೇ ಊರು, ತಾರೀಕು ತಿಳಿಯುವುದು. ಅಚ್ಚು ಅಸಲಿಯೇ ಎಂದು ಪರೀಕ್ಷಿಸಲು ತಾರೀಕೇ ಬೇಕು.

ಹುಡುಗ ತಲೆ ತಗ್ಗಿಸಿ ನಿಂತಿದ್ದ. ಖಾಲಾಮ್ಮ ಬೈಯಲಿಲ್ಲ. ಒದ್ದೆಯಾದ ಲಕೋಟೆಗಳನ್ನೆತ್ತಿ, "ಚೀಟಿ ನೀನೇ ಇಟ್ಟುಕೋ ಮಗಾ, ನಿನ್ನ ದಾದಾನ ಹೆಸರು ಅಳಿಸಿಹೋಯಿತಲ್ಲ" ಎಂದರು.

ಉಳಿದ ಲಕೋಟೆಗಳಲ್ಲಿ ಒಂದರ ಮೇಲೆ ನಿರಾಶ್ರಿತರ ಚೀಟಿ ಇತ್ತು. ಅಕ್ಷರ ತುಸು ವಾರೆ, ಅಷ್ಟೇ. ಅದನ್ನು ಬೇವಿನೆಲೆಯ ನಡುವೆ ಅವರೇ ತಿರುಗಿ ಟ್ರಂಕಿಗಿಟ್ಟರು.